ಮೇಡನ್ ಶೋ ತುಂಬುವುದು ಬರೀ ಹಳೆಯ ನೆನಪಿನಿಂದಲ್ಲ

ಮಾನ್ಯ ಸಂಪಾದಕರೆ,

ಐರನ್ ಮೇಡನ್‌ನಂಥ ಹಳೆಯ ರಾಕ್ ಬ್ಯಾಂಡ್‌ಗಳ ಶೋಗೆ ಇವತ್ತಿಗೂ ಮೈದಾನ ತುಂಬುತ್ತದೆ ಎಂದು ಬರೆಯುವಾಗ ಪತ್ರಿಕೆಗಳು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಹಳೆಯ ನೆನಪಿನ ಸೆಳೆತ. 1975ರ ಕ್ರಿಸ್‌ಮಸ್ ದಿನ ಸ್ಟೀವ್ ಹ್ಯಾರಿಸ್ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ಈ ಬ್ಯಾಂಡ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಅಂದು ಸೇರಿದ್ದವರಲ್ಲಿ ಬಹುಪಾಲು ಜನ ಅವರನ್ನು ವೇದಿಕೆಯ ಮೇಲೆ ಅದುವರೆಗೆ ನೋಡಿಯೇ ಇರಲಿಲ್ಲ. ಇಲ್ಲದ ನೆನಪು ಸೆಳೆಯುವುದು ಹೇಗೆ? ಊರೂರು ಸುತ್ತಿ ನುಡಿಸುವುದನ್ನು ಈ ಬ್ಯಾಂಡ್ ಒಂದು ಕಸುಬಾಗಿ ಕಲಿತಿದೆ, ಕಾರಣವನ್ನು ಅಲ್ಲಿ ಹುಡುಕಬೇಕು.

ಮೊದಲು ಹಾಡುಗಳ ಪಟ್ಟಿಯನ್ನೇ ನೋಡಿ. ಒಂದು ಪ್ರವಾಸ ಹೊಸ ಆಲ್ಬಮ್‌ಗೆ, ಮತ್ತೊಂದು ಹಳೆಯ ಭಂಡಾರಕ್ಕೆ ಎಂಬುದು ಇವರ ಸ್ಥೂಲ ಲೆಕ್ಕ. 2006ರಲ್ಲಿ ಹೊಸ ಆಲ್ಬಮ್ಮನ್ನು ಇಡಿಯಾಗಿ ನುಡಿಸಿದಾಗ ಗೊಣಗಿದವರಿದ್ದರು, ಇವರು ಜಗ್ಗಲಿಲ್ಲ. 2008ರಲ್ಲಿ ಹೆಚ್ಚಾಗಿ ಎಂಬತ್ತರ ದಶಕದ ಹಾಡುಗಳು. 2023ರಲ್ಲಿ 1986ರ ಆಲ್ಬಮ್ಮನ್ನೂ 2021ರದ್ದನ್ನೂ ಬೆರೆಸಿದರು; 1986ರಲ್ಲಿ ಧ್ವನಿಮುದ್ರಿಸಿ ಒಮ್ಮೆಯೂ ವೇದಿಕೆಗೆ ತರದ ಹಾಡೊಂದನ್ನು 37 ವರ್ಷಗಳ ಮೇಲೆ ನುಡಿಸಿದರು. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಶುರುವಾದ ಪ್ರವಾಸದಲ್ಲಿ ಮೊದಲ ಒಂಬತ್ತು ಆಲ್ಬಮ್‌ಗಳದ್ದು ಮಾತ್ರ. ಹಿಂದಿನ ಸಲ ನೋಡಿದವರಿಗೂ ಈ ಸಲದ ಟಿಕೆಟ್ ಕೊಳ್ಳಲು ಕಾರಣ ಸಿಗುತ್ತದೆ.

ಆದರೆ ಇವರ ಸಂಗೀತವನ್ನು ಬಯಲಿನಲ್ಲಿ ಕೇಳಿಸುವುದು ಸುಲಭದ ಕೆಲಸವಲ್ಲ. ಹ್ಯಾರಿಸ್ ಬೆರಳಿನಲ್ಲೇ ನುಡಿಸುವ ಬೇಸ್‌ನ (ತಗ್ಗು ಸ್ವರದ ಗಿಟಾರಿನ) ಹೆಸರಾಂತ ಕುದುರೆ ಓಟದ ಲಯ ನಮ್ಮ ಛಂದಸ್ಸಿನ ಭಗಣ: ಒಂದು ಗುರು, ಎರಡು ಲಘು. ನಿಮಿಷಕ್ಕೆ 160 ತಾಳದ, ತಾಳಕ್ಕೊಂದು ಭಗಣದ ಹಾಡಿನಲ್ಲಿ ಒಂದೊಂದು ಲಘುವಿಗೆ ಸಿಗುವುದು ಸುಮಾರು 94 ಮಿಲಿಸೆಕೆಂಡು. ವೇದಿಕೆಯಿಂದ 100 ಮೀಟರ್ ಆಚೆ ನಿಂತವರಿಗಾಗಿ ಇನ್ನೊಂದು ಸಾಲು ಸ್ಪೀಕರ್‌ಗಳ ಡಿಲೇ ಟವರ್ ನಿಲ್ಲಿಸುತ್ತಾರೆ. ತಂತಿಯಲ್ಲಿ ಹೋದ ಸಂಕೇತ ಟವರಿಗೆ ಆ ಕ್ಷಣವೇ ತಲುಪುತ್ತದೆ. ವೇದಿಕೆಯ ಸದ್ದು ಗಾಳಿಯಲ್ಲಿ ಅಲ್ಲಿಗೆ ಬರಲು 290 ಮಿಲಿಸೆಕೆಂಡಿನಷ್ಟು ಬೇಕು. ಟವರಿನ ಸದ್ದನ್ನು ಅಷ್ಟು ತಡೆದು ಬಿಡದಿದ್ದರೆ ಮೂರು ಲಘುಗಳಷ್ಟು ಹಿಂದಿನ ಸ್ವರ ಈಗಿನದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ನಿಧಾನದ ಹಾಡಿನಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಮುಚ್ಚಿಹೋಗದು.

ಅಷ್ಟು ಹೊಂದಿಸಿದರೂ ಮುಗಿಯಲಿಲ್ಲ. ಕಿವಿ ಮೊದಲು ಬಂದ ಸದ್ದಿನ ದಿಕ್ಕನ್ನೇ ನಂಬುವುದರಿಂದ ಟವರಿನ ಸದ್ದನ್ನು ಇನ್ನೂ 10 ಮಿಲಿಸೆಕೆಂಡು ತಡೆದು ಬಿಡುತ್ತಾರೆ, ಆಗ ಹಾಡು ವೇದಿಕೆಯಿಂದಲೇ ಬಂದಂತೆ ಅನಿಸುತ್ತದೆ. ಮಧ್ಯಾಹ್ನ ಸದ್ದು ಪರೀಕ್ಷಿಸುವ ಸೌಂಡ್‌ಚೆಕ್ ಹೊತ್ತಿಗೆ 30 ಡಿಗ್ರಿ ಸೆಲ್ಸಿಯಸ್ ಇದ್ದದ್ದು ರಾತ್ರಿ 20ಕ್ಕೆ ಇಳಿದರೆ ಅದೇ 100 ಮೀಟರಿಗೆ ಸದ್ದು ಸುಮಾರು 5 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಮೀಸಲಿಟ್ಟ ಆ 10 ಮಿಲಿಸೆಕೆಂಡಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಶೋ ಶುರುವಾಗುವ ಮುಂಚೆ ಮತ್ತೊಮ್ಮೆ ಅಳೆದು ತಿದ್ದದಿದ್ದರೆ ಹಿಂದಿನವರಿಗೆ ಬ್ಯಾಂಡ್ ಒಂದು ಕಡೆ, ಸದ್ದು ಇನ್ನೊಂದು ಕಡೆ.

ಗಿಟಾರ್‌ಗಳದ್ದು ಬೇರೆಯೇ ತಲೆನೋವು. 1999ರಿಂದ ಇಲ್ಲಿ ಮೂವರು ಗಿಟಾರ್ ನುಡಿಸುತ್ತಾರೆ: ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್. ಎರಡು ಗಿಟಾರ್ ಒಟ್ಟಿಗೆ ರಾಗ ನುಡಿಸುವ ಜೋಡಿಸ್ವರದ ಭಾಗದಲ್ಲಿ ಒಂದರ ಸದ್ದನ್ನು ಪೂರ್ತಿ ಎಡದ ಸ್ಪೀಕರ್‌ಗಳಿಗೂ ಇನ್ನೊಂದರದನ್ನು ಪೂರ್ತಿ ಬಲಕ್ಕೂ ತಳ್ಳಿದರೆ, ನಡುವೆ ಸದ್ದು ಹೊಂದಿಸುವ ಮಿಕ್ಸರ್ ಹತ್ತಿರ ನಿಂತವರಿಗೆ ಬಲು ಸೊಗಸು. ಮೈದಾನದ ಎಡತುದಿಯವರಿಗೆ ಮಾತ್ರ ಅರ್ಧ ರಾಗ. ಆದ್ದರಿಂದ ನಡುವಿನಿಂದ ಸ್ವಲ್ಪವೇ ಸರಿಸಬೇಕು. ಹಾಡುಗಾರ ಬಾಯಿ ತೆರೆದಾಗ ಮೂರನ್ನೂ ತುಸು ತಗ್ಗಿಸಬೇಕು, ಇಲ್ಲದಿದ್ದರೆ ಪದಗಳು ತೊಳೆದುಹೋಗುತ್ತವೆ.

ಪ್ರಯಾಣದಲ್ಲಿ ಇವರದು ನಿಜಕ್ಕೂ ಅಪರೂಪದ ತಲೆ. 2008ರಲ್ಲಿ ಬೋಯಿಂಗ್ 757 ವಿಮಾನದ ಹಿಂಭಾಗದ ಸೀಟು ಕಿತ್ತು ಸರಕಿಗೆ ಜಾಗ ಮಾಡಿ, ತಂಡವನ್ನೂ ಸುಮಾರು 12 ಟನ್ ಸಾಮಾನನ್ನೂ ಒಟ್ಟಿಗೆ ಏರಿಸಿದರು. ಪೈಲಟ್ ಹಾಡುಗಾರ ಬ್ರೂಸ್ ಡಿಕಿನ್‌ಸನ್ನೇ. ಫೆಬ್ರುವರಿ 1ರಂದು ಮುಂಬೈಯಿಂದ ಆರಂಭಿಸಿ 45 ದಿನಗಳಲ್ಲಿ 23 ಶೋ. ಹಡಗಿನ ಕಂಟೇನರ್ ನಂಬಿದ್ದರೆ ಆಸ್ಟ್ರೇಲಿಯ, ಜಪಾನ್, ಕೋಸ್ಟರಿಕಾ, ಕೊಲಂಬಿಯಗಳನ್ನು ಒಂದೇ ಸುತ್ತಿನಲ್ಲಿ ಮುಟ್ಟುವ ಮಾತೇ ಇರಲಿಲ್ಲ. 2009ರಲ್ಲಿ ದುಬೈಯಲ್ಲಿ ನುಡಿಸಿದ ಎರಡೇ ದಿನಕ್ಕೆ, ಫೆಬ್ರುವರಿ 15ರಂದು, ಮತ್ತೆ ಬೆಂಗಳೂರಿನ ವೇದಿಕೆ ಏರಿದ್ದೂ ಇದೇ ಏರ್ಪಾಟಿನಿಂದ. ಬೇರೆ ಬ್ಯಾಂಡ್‌ಗಳು ಬಿಟ್ಟುಬಿಡುವ ಊರುಗಳಲ್ಲಿ ಇವರಿಗೆ ಬೆಳೆದ ಪ್ರೇಕ್ಷಕವರ್ಗ ಚಿಕ್ಕದಲ್ಲ.

ಎಡವಟ್ಟು ಆಗದೆ ಇಲ್ಲ. 2016ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಇವರ 747 ವಿಮಾನವನ್ನು ಇಂಧನ ತುಂಬಿಸಲು ಎಳೆದೊಯ್ಯುವಾಗ, ಅದನ್ನು ಎಳೆಯುವ ವಾಹನಕ್ಕೆ ಜೋಡಿಸುವ ಸ್ಟಿಯರಿಂಗ್ ಪಿನ್ ಕಳಚಿತು. ವಿಮಾನ ವಾಹನಕ್ಕೆ ಬಡಿದು ಎರಡು ಎಂಜಿನ್ ಹಾಳಾದವು, ಇಬ್ಬರು ಕೆಲಸಗಾರರಿಗೆ ಪೆಟ್ಟಾಯಿತು. ಆದರೂ ಸಾಮಾನನ್ನು ಬೇರೆ ದಾರಿಯಲ್ಲಿ ಸಾಗಿಸಿ ಅರ್ಜೆಂಟೀನಾದ ಕೊರ್ಡೊಬಾದ ಶೋ ನಡೆಸಿದರು.

ವಯಸ್ಸಿನ ವಿಷಯದಲ್ಲೂ ಲೆಕ್ಕಾಚಾರವಿದೆ. ಡಿಕಿನ್‌ಸನ್‌ಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಎಂದು 2015ರಲ್ಲಿ ಪ್ರಕಟವಾದಾಗ ಬದಲಿ ಗಾಯಕನನ್ನು ತರದೆ 2016ರವರೆಗೆ ಕಾದರು. ಡ್ರಮ್ಮರ್ ನಿಕೊ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಅದೇ ಮೇ ತಿಂಗಳಲ್ಲಿ ಅವರು ವೇದಿಕೆಗೆ ಮರಳಿ, ವೇಗದ ಕೆಲವು ಪೆಟ್ಟುಗಳನ್ನು ಸರಳ ಮಾಡಿಕೊಂಡು ನುಡಿಸಿದರು. 2024ರ ಡಿಸೆಂಬರ್ 7ರಂದು ಸಾವೊ ಪಾಲೊದಲ್ಲಿ ನುಡಿಸಿ ಪ್ರವಾಸದಿಂದ ನಿವೃತ್ತರಾದರು. ಆ ಜಾಗಕ್ಕೆ ಬಂದ ಸೈಮನ್ ಡಾಸನ್ ಹ್ಯಾರಿಸ್‌ರ ಇನ್ನೊಂದು ಬ್ಯಾಂಡಿನ ಡ್ರಮ್ಮರ್. ಹೆಸರಾಂತರನ್ನು ಕರೆತರುವುದಕ್ಕಿಂತ ಹ್ಯಾರಿಸ್‌ರ ಬೇಸ್ ಜೊತೆ ಕೈ ಪಳಗಿದವರನ್ನು ಕೂರಿಸಿದ್ದು ಜಾಣತನ ಎಂದು ನಮ್ಮ ಎಣಿಕೆ.

ನಿಮ್ಮ ವರದಿಗಾರರು ಇಂಥ ಶೋಗೆ ರಾತ್ರಿ ಎಂಟಕ್ಕೆ ಬರುವ ಬದಲು ಮಧ್ಯಾಹ್ನ ಮೂರಕ್ಕೆ ಬರಲಿ. ಡಿಲೇ ಟವರ್ ಎಷ್ಟಿವೆ, ಎಷ್ಟು ದೂರದಲ್ಲಿವೆ, ಬದಲಿ ಜನರೇಟರ್ ಇದೆಯೇ ಎಂದು ಸಂಘಟಕರನ್ನು ಕೇಳಲಿ. ಟಿಕೆಟ್ ಕೊಂಡವರಿಗೆ ತಾರೆಯರ ಸಂದರ್ಶನಕ್ಕಿಂತ ಆ ಉತ್ತರಗಳೇ ಹೆಚ್ಚು ಉಪಯೋಗ.

ಇತಿ,
ಲೈವ್ ಸೌಂಡ್ ಕೆಲಸಗಾರರು, ಬೆಂಗಳೂರು