ಬಿಡಿ ಬೇಸ್‌ಬಾಲ್ ಕಾರ್ಡು ಮಾರುವುದನ್ನು ಯಾಕೆ ನಿಲ್ಲಿಸುತ್ತಿದ್ದೇವೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ 250 ಡಾಲರ್‌ಗಿಂತ ಜಾಸ್ತಿ ಬೆಲೆಯ ಯಾವ ಬೇಸ್‌ಬಾಲ್ ಆಟಗಾರರ ಕಾರ್ಡನ್ನೂ ನಾವು ಬಿಡಿಯಾಗಿ, ಅಂದರೆ ಸೀಲ್ ಇಲ್ಲದೆ, ಮಾರುವುದಿಲ್ಲ. ಕಾರ್ಡು ಅಸಲಿಯೇ, ಎಷ್ಟು ಚೆನ್ನಾಗಿದೆ ಎಂದು ನೋಡಿ ಗ್ರೇಡ್ ಕೊಡುವ ಹೊರಗಿನ ಗ್ರೇಡಿಂಗ್ ಕಂಪನಿ ಪರೀಕ್ಷೆ ಮಾಡಿ, ಸ್ಲ್ಯಾಬ್ ಎನ್ನುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸಿದ ಮೇಲೆಯೇ ನಿಮ್ಮ ಕೈಗೆ ಕೊಡುತ್ತೇವೆ. ಅದರ ಖರ್ಚಿನಲ್ಲಿ ಅರ್ಧ ಕಾರ್ಡಿನ ಬೆಲೆಗೆ ಸೇರುತ್ತದೆ, ಉಳಿದರ್ಧ ನಾವು ಹಾಕುತ್ತೇವೆ. "ನೀವು ನೋಡಿದ್ದೀರಿ ಅಂದ್ರೆ ಸಾಕು, ಬೇರೆಯವರ ಸೀಲ್ ಯಾಕೆ?" ಎಂದು ಇಷ್ಟು ವರ್ಷ ನಂಬಿ ಬಂದವರು ನೀವು. ನಿಮಗೆ ಈ ಮಾತು ಹೇಳುವುದು ನಮಗೆ ಸುಲಭವಾಗಿಲ್ಲ.

ಆದದ್ದು ಇಷ್ಟು. ಕಳೆದ ವರ್ಷ ನಾವು ಮಾರಿದ ಯೆಹೂದಿ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಅವರ ಒಂದು ಕಾರ್ಡು, ಗೌಡಿ ಎಂಬ ಚೂಯಿಂಗ್ ಗಮ್ ಕಂಪನಿ 1934ರಲ್ಲಿ ತಂದ ಸೆಟ್‌ನ 62ನೇ ನಂಬರಿನದು, ಅಂಚು ಕತ್ತರಿಸಿದ್ದು ಎಂದು ಆಮೇಲೆ ತಿಳಿಯಿತು. ಮೂಲೆ ಸವೆದ ಕಾರ್ಡಿನ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಮೂಲೆ ಮತ್ತೆ ಚೂಪಾಗಿ ಕಾಣುತ್ತದೆ. ನಾವು ಭೂತಗನ್ನಡಿಯಲ್ಲಿ ನೋಡಿದ್ದೆವು, ಯು.ವಿ. ದೀಪ ಹಿಡಿದಿದ್ದೆವು. ಈಗಿನ ಕಾಗದಕ್ಕೆ ಬೆರೆಸುವ ಬಿಳುಪಿನ ರಾಸಾಯನಿಕ ಆ ದೀಪದಲ್ಲಿ ಹೊಳೆಯುತ್ತದೆ, ಹಾಗಾಗಿ ಹೊಸದಾಗಿ ಅಚ್ಚು ಹಾಕಿದ ನಕಲಿ ಸಿಕ್ಕಿಬೀಳುತ್ತದೆ. ಆದರೆ ಇದು ಅಸಲಿ ಕಾಗದ, ಅಸಲಿ ಅಚ್ಚು. ದೀಪ ಏನು ಮಾಡೀತು? ಅಳತೆಯೂ ಕೈಕೊಟ್ಟಿತು. ಆ ಕಾಲದಲ್ಲಿ ಕಾರ್ಖಾನೆಯಿಂದಲೇ ಎಲ್ಲ ಕಾರ್ಡುಗಳೂ ಒಂದೇ ಅಳತೆಗೆ ಬರುತ್ತಿರಲಿಲ್ಲ. ಕೊಂಡವರು ಗ್ರೇಡಿಂಗ್‌ಗೆ ಕಳಿಸಿದಾಗ ವಿಷಯ ಹೊರಬಿತ್ತು.

ತಪ್ಪು ನಮ್ಮದು. ಅವರ ಕ್ಷಮೆ ಕೇಳಿದೆವು. ಕಾರ್ಡಿನ ಹಣ, ಅವರು ಕಟ್ಟಿದ್ದ ಗ್ರೇಡಿಂಗ್ ಶುಲ್ಕ, ಅಂಚೆ ಖರ್ಚು, ಮೂರನ್ನೂ ಅದೇ ವಾರ ವಾಪಸ್ ಕೊಟ್ಟೆವು. ಆ ಕಾರ್ಡು ಈಗ ನಮ್ಮ ಡ್ರಾಯರಿನಲ್ಲಿದೆ, ಯಾವತ್ತೂ ಮಾರಾಟಕ್ಕಿಲ್ಲ.

ಖರ್ಚಿನ ವಿಷಯ ಬಿಡಿಸಿ ಹೇಳಬೇಕು. ಸುಮ್ನೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಷ್ಟು ಹಣವಾ ಎಂದು ಕೇಳಿದವರಿದ್ದಾರೆ. ಗ್ರೇಡಿಂಗ್ ಶುಲ್ಕ ನಿಗದಿಯಾಗುವುದು ಡಬ್ಬಿಯ ಮೇಲಲ್ಲ, ಕಾರ್ಡಿನ ಬೆಲೆಯ ಮೇಲೆ. ಒಳ್ಳೆಯ ಗ್ರೇಡ್ ಬಂದು ಕಾರ್ಡಿನ ಬೆಲೆ ನಾವು ಬರೆದದ್ದಕ್ಕಿಂತ ಏರಿದರೆ ಇನ್ನೂ ಕಟ್ಟಬೇಕಾಗುತ್ತದೆ. ಹೋಗುವಾಗ ವಿಮೆ, ಬರುವಾಗ ವಿಮೆ. ಕಾರ್ಡು ವಾಪಸ್ ಬರುವವರೆಗೆ ನಾವು ಹಾಕಿದ ಹಣ ಅಲ್ಲೇ ಕೂತಿರುತ್ತದೆ. ಇದರಲ್ಲಿ ಒಂದು ಡಾಲರ್ ಕೂಡ ನಮ್ಮ ಲಾಭಕ್ಕೆ ಸೇರುವುದಿಲ್ಲ. ಯಾರು ಕೇಳಿದರೂ ಆಯಾ ಕಾರ್ಡಿನ ಬಿಲ್ಲು ತೋರಿಸುತ್ತೇವೆ.

ಇದಕ್ಕಿಂತ ಮನಸ್ಸಿಗೆ ಜಾಸ್ತಿ ನೋವಾದದ್ದು ಇನ್ನೊಂದು ಮಾತು. "ಯೆಹೂದಿ ಆಟಗಾರ ಅಂದ ಕೂಡಲೇ ನೀವು ಬೆಲೆ ಏರಿಸುತ್ತೀರಿ." ಈ ವರ್ಷ ಇದನ್ನು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಎಲ್ಲರೂ ಕೊಡುವ ಉದಾಹರಣೆ ಮೋ ಬರ್ಗ್, 1933ರ ಗೌಡಿ, ನಂಬರ್ 158. ಅವರು 15 ಸೀಸನ್ ಆಡಿದರು. ಬ್ಯಾಟಿಂಗ್ ಸರಾಸರಿ .243, ಹೋಮ್ ರನ್ ಬರೀ 6. ಅದೇ 240 ಕಾರ್ಡುಗಳ ಸೆಟ್‌ನಲ್ಲಿ ಅವರಿಗಿಂತ ಎಷ್ಟೋ ಚೆನ್ನಾಗಿ ಆಡಿದವರು ಕಡಿಮೆ ಬೆಲೆಗೆ ಸಿಗುತ್ತಾರೆ. ನಿಜ, ಒಪ್ಪುತ್ತೇವೆ.

ಆದರೆ ಆ ಒಂದು ಕಾರ್ಡಿಗೆ ಎಷ್ಟು ಜನ ಕಾಯುತ್ತಿದ್ದಾರೆ ನೋಡಿ. ಗೌಡಿ ಸೆಟ್ ಪೂರ್ತಿ ಮಾಡುವವರಿಗೆ ಅದು ಬೇಕು. ಯೆಹೂದಿ ಆಟಗಾರರನ್ನು ಮಾತ್ರ ಕೂಡಿಸುವವರಿಗೂ ಬೇಕು. ಎರಡನೇ ಮಹಾಯುದ್ಧದಲ್ಲಿ ಬರ್ಗ್ ಅಮೆರಿಕದ ಗೂಢಚಾರರಾಗಿದ್ದರು. 1944ರ ಡಿಸೆಂಬರ್‌ನಲ್ಲಿ ಜ್ಯೂರಿಚ್‌ಗೆ ಹೋಗಿ, ಜರ್ಮನಿ ಅಣುಬಾಂಬ್ ಮಾಡುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿ ಹೈಸೆನ್‌ಬರ್ಗ್ ಅವರ ಉಪನ್ಯಾಸ ಕೇಳುತ್ತಾ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಕೂತವರು. ಬೇಸ್‌ಬಾಲ್ ನೋಡದವರು ಕೂಡ ಆ ಕಾರ್ಡು ಹುಡುಕಿಕೊಂಡು ಬರುತ್ತಾರೆ. ನಮಗೆ ಮಾರುವ ಮನೆಯವರಿಗೂ ಇದು ಚೆನ್ನಾಗಿ ಗೊತ್ತು. ಅಜ್ಜನ ಪೆಟ್ಟಿಗೆ ತರುವಾಗಲೇ ಬರ್ಗ್ ಕಾರ್ಡನ್ನು ಬೇರೆ ಎತ್ತಿಟ್ಟಿರುತ್ತಾರೆ. ನಾವು ಕೊಳ್ಳುವುದೇ ಜಾಸ್ತಿ ಬೆಲೆಗೆ.

ಯಾರ ಧರ್ಮಕ್ಕೂ ನಾವು ಬೆಲೆ ಕಟ್ಟಿಲ್ಲ. ಈ ಆಟಗಾರರ ಬಗ್ಗೆ ನಮಗಿರುವುದು ಗೌರವ. 1934ರಲ್ಲಿ ಅವರ ತಂಡ ಡೆಟ್ರಾಯಿಟ್ ಟೈಗರ್ಸ್ ಪೆನಂಟ್‌ಗಾಗಿ, ಅಂದರೆ ಲೀಗಿನ ಪ್ರಶಸ್ತಿಗಾಗಿ, ಹೋರಾಡುತ್ತಿದ್ದಾಗ ಗ್ರೀನ್‌ಬರ್ಗ್ ಯೆಹೂದಿಗಳ ಪವಿತ್ರ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನಂದು ಆಡದೆ ಪ್ರಾರ್ಥನೆಗೆ ಹೋದರು. 1965ರಲ್ಲಿ ಇನ್ನೊಬ್ಬ ಯೆಹೂದಿ ಆಟಗಾರ, ಪಿಚರ್ (ಚೆಂಡು ಎಸೆಯುವವರು) ಸ್ಯಾಂಡಿ ಕೋಫ್ಯಾಕ್ಸ್ ಅದೇ ಉಪವಾಸದ ದಿನಕ್ಕಾಗಿ, ವರ್ಷದ ಚಾಂಪಿಯನ್ನರನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಮೊದಲ ಆಟವನ್ನೇ ಬಿಟ್ಟರು. ಆಮೇಲೆ ಏಳನೇ ಆಟದಲ್ಲಿ ಎದುರಾಳಿಗೆ ಒಂದು ರನ್ನೂ ಕೊಡದೆ ಗೆಲ್ಲಿಸಿದರು. ಯುಗಾದಿಗೆ ರಜೆ ಕೇಳಲೋ ಬೇಡವೋ ಎಂದು ಆಫೀಸಿನಲ್ಲಿ ಹಿಂದೆಮುಂದೆ ನೋಡಿದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ, ಅಲ್ವಾ? ನಿಮ್ಮಲ್ಲಿ ಎಷ್ಟೋ ಜನ ಮಕ್ಕಳ ಲಿಟಲ್ ಲೀಗ್ ಬೇಸ್‌ಬಾಲ್ ನೆಪದಲ್ಲಿ ಅಂಗಡಿಗೆ ಬಂದು, ಈ ಕಥೆ ಕೇಳಿ ಮೊದಲ ಕಾರ್ಡು ಕೊಂಡವರು.

ಕೇಳುವವರು ಇಷ್ಟಿರುವುದರಿಂದಲೇ ಕತ್ತರಿ ಹಾಕುವವರ ಕಣ್ಣೂ ಈ ಕಾರ್ಡುಗಳ ಮೇಲೆ. ಕೇಳುವವರಿಲ್ಲದ ಕಾರ್ಡಿನ ಅಂಚನ್ನು ಯಾರೂ ಕತ್ತರಿಸುವುದಿಲ್ಲ. ನಮ್ಮ ನಾಲ್ಕು ಕಣ್ಣು ಸಾಲುತ್ತಿಲ್ಲ, ಅದಕ್ಕೇ ಈ ಬದಲಾವಣೆ.

ಮೊದಲಿನಂತೆಯೇ ಉಳಿಯುವುದೂ ಬಹಳಷ್ಟಿದೆ. ಯೆಹೂದಿ ಆಟಗಾರರಾದ ಸಿಡ್ ಗಾರ್ಡನ್, ಕ್ಯಾಲ್ ಅಬ್ರಾಮ್ಸ್, ಸಾಲ್ ರೊಗೋವಿನ್ ಅವರ ಐವತ್ತರ ದಶಕದ ಕಾರ್ಡುಗಳಲ್ಲಿ 250 ಡಾಲರ್ ಒಳಗಿನವು ಸೀಲ್ ಇಲ್ಲದ ಪ್ಲಾಸ್ಟಿಕ್ ಸ್ಲೀವು, ಟಾಪ್‌ಲೋಡರ್‌ನಲ್ಲೇ ಸಿಗುತ್ತವೆ. ಕಂತಿನಲ್ಲಿ ಕೊಳ್ಳುತ್ತಿರುವವರಿಗೆ ಮಾತಾಡಿದ ಬೆಲೆಯೇ. ಹಿಂದೆ ನಮ್ಮಿಂದ ಬಿಡಿ ಕಾರ್ಡು ಕೊಂಡು ಈಗ ಅನುಮಾನ ಬಂದಿದ್ದರೆ ತಂದುಕೊಡಿ. ನಮ್ಮ ಖರ್ಚಿನಲ್ಲೇ ಪರೀಕ್ಷೆಗೆ ಕಳಿಸುತ್ತೇವೆ. ಕತ್ತರಿಸಿದ್ದು ಎಂದು ಬಂದರೆ ಹಣ ವಾಪಸ್, ಎಷ್ಟು ವರ್ಷ ಹಳೆಯ ಬಿಲ್ಲಾದರೂ ಸರಿ. ಬಿಲ್ಲು ಕಳೆದಿದ್ದರೂ ಚಿಂತೆಯಿಲ್ಲ, ನಮ್ಮ ಪುಸ್ತಕದಲ್ಲಿ ಬರೆದಿದೆ.

ಕಾರ್ಡನ್ನು ಕೈಯಲ್ಲಿ ಹಿಡಿಯುವ ಖುಷಿ ಹೋಯಿತು ಎಂದು ಬೇಸರಪಟ್ಟವರಿಗೆ ಒಂದು ಮಾತು. ಯೆಹೂದಿ ಆಟಗಾರ ಬಾರ್ನಿ ಪೆಲ್ಟಿ ಅವರ ನಮ್ಮ ಸ್ವಂತ ಕಾರ್ಡು, 1909–11ರಲ್ಲಿ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಟಿ206 ಎಂಬ ಸೆಟ್‌ನದು, ಸ್ಲ್ಯಾಬಿಗೆ ಹೋಗುವುದಿಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಕೈ ತೊಳೆದು ಮುಟ್ಟಿ ನೋಡಲಿ.

ಟಾಪ್ಸ್ ಕಂಪನಿಯ 1955ರ ಕೋಫ್ಯಾಕ್ಸ್ ಕಾರ್ಡಿಗೆ ಹೆಸರು ಬರೆಸಿದವರಿಗೆ: ಎರಡು ಕಾರ್ಡು ಗ್ರೇಡಿಂಗ್‌ಗೆ ಹೋಗಿವೆ. ಬಂದ ದಿನವೇ, ಪಟ್ಟಿಯಲ್ಲಿರುವ ಕ್ರಮದಲ್ಲೇ ಫೋನ್ ಮಾಡುತ್ತೇವೆ.

ನಿಮ್ಮ ಅಂಗಡಿಯವರು,
ನ್ಯೂಜೆರ್ಸಿ