ನನ್ನ ನೋಟ್ ಅಚ್ಚಾಗುತ್ತಿದೆ

ತೀರ್ಥರೂಪರಾದ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಸರಿಯಾಗಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಲಾ ರಿವ್ಯೂನವರು, ಅಂದರೆ ಕಾನೂನು ಲೇಖನಗಳ ಪತ್ರಿಕೆಯವರು, ನನ್ನ ಲೇಖನ ಆರಿಸಿಕೊಂಡಿದ್ದಾರೆ. ಮುಂದಿನ ಸಂಪುಟದಲ್ಲಿ ಬರುತ್ತದೆ.

ಯಾವ ಪ್ರೊಫೆಸರ್ ಆರಿಸಿದರು ಅಂತ ಕೇಳಿದಿರಲ್ಲ ಅಪ್ಪ, ಯಾರೂ ಅಲ್ಲ. ಅಮೆರಿಕದಲ್ಲಿ ಬಹುತೇಕ ಲಾ ರಿವ್ಯೂಗಳನ್ನು ನಡೆಸುವವರು ವಿದ್ಯಾರ್ಥಿಗಳೇ. ಹೆಸರುವಾಸಿ ಪ್ರೊಫೆಸರ್ ಲೇಖನ ಕಳಿಸಿದರೂ ಬೇಕೋ ಬೇಡವೋ ಅಂತ ಹೇಳುವುದು ಇದೇ ಹುಡುಗ ಹುಡುಗಿಯರು. ವಿಚಿತ್ರ ಅಲ್ವಾ? ವಿದ್ಯಾರ್ಥಿ ಬರೆದದ್ದಕ್ಕೆ ಇಲ್ಲಿ ನೋಟ್ ಅನ್ನುತ್ತಾರೆ. ನಮ್ಮಲ್ಲಿ ಹೆಸರು ತೆಗೆದು ಬರೀ ನಂಬರ್ ಹಾಕಿ ಕಮಿಟಿಯ ಮುಂದಿಡುತ್ತಾರೆ. ಹಾಗಾಗಿ ಯಾರ ಮುಲಾಜೂ ನಡೆಯುವುದಿಲ್ಲ.

ನನ್ನ ವಿಷಯ ಇಷ್ಟೇ: ಬಾಡಿಗೆ ಕಟ್ಟಡದ ಬಾಗಿಲಿಗೆ ಮುಖ ಗುರುತಿಸುವ ಕ್ಯಾಮೆರಾ ಹಾಕಿದರೆ, ಬಾಡಿಗೆದಾರರು ಬೇಡ ಅನ್ನಬಹುದೇ? ಖಾಸಗಿತನದ ಬಗ್ಗೆ ಯಾರೇ ಬರೆದರೂ 1890ಕ್ಕೆ ಹೋಗಲೇಬೇಕು. ಆ ವರ್ಷ ಬಾಸ್ಟನ್ನಿನ ಇಬ್ಬರು ವಕೀಲರು, ವಾರೆನ್ ಮತ್ತು ಬ್ರಾಂಡೈಸ್, ಹಾರ್ವರ್ಡ್ ಲಾ ರಿವ್ಯೂನಲ್ಲಿ ಈ ಹಕ್ಕಿನ ಬಗ್ಗೆ ಬರೆದರು. ವಿದ್ಯಾರ್ಥಿಗಳು 1887ರಲ್ಲಿ ಶುರು ಮಾಡಿದ ಪತ್ರಿಕೆ ಅದು, ಇನ್ನೂ ಎಳಸು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕೇಸಿನಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ತೀರ್ಪಿನಲ್ಲೂ ಈ ಲೇಖನದ ಮಾತು ಬರುತ್ತದೆ. ಪುಟ್ಟಸ್ವಾಮಿ ಕೇಸನ್ನು ನಾನೂ ಒಂದು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದೇನೆ. ಅದನ್ನು ತೆಗೆಯಲು ನಾನು ಬಿಡುವುದಿಲ್ಲ!

ಆಯ್ಕೆಯಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ಗಾಣ ಈಗ ಶುರು. ಹೆಚ್ಚುಕಡಿಮೆ ಪ್ರತಿ ವಾಕ್ಯಕ್ಕೂ ಆಧಾರ ಕೊಡಬೇಕು. ಕಿರಿಯ ಎಡಿಟರ್‌ಗಳು ಒಂದೊಂದನ್ನೂ ಮೂಲ ಪುಸ್ತಕ ತೆಗೆದು ಪರೀಕ್ಷಿಸುತ್ತಾರೆ. "ಮನೆಯೊಳಗೆ ಮನುಷ್ಯ ನಿರಾಳವಾಗಿರುತ್ತಾನೆ" ಅಂತ ಬರೆದಿದ್ದೆ. ಪಕ್ಕದಲ್ಲಿ, "ಇದಕ್ಕೆ ಆಧಾರ?" ಅಂತ ಪ್ರಶ್ನೆ ಬಂತು. ಇನ್ನು ಆಧಾರಗಳನ್ನು ಹೇಗೆ ಬರೆಯಬೇಕು ಅಂತ ಹೇಳುವ ಬ್ಲೂಬುಕ್ ಅನ್ನುವ ಒಂದು ನಿಯಮಗಳ ಪುಸ್ತಕ ಇದೆ. ಹಿಂದಿನ ಟಿಪ್ಪಣಿಯ ಆಧಾರವೇ ಇದಕ್ಕೂ ಅನ್ನಲು "ಇಡ್." ಅಂತ ಹಾಕುತ್ತೇವೆ. ಅದರ ಅಕ್ಷರ ಮಾತ್ರ ಅಲ್ಲ, ಕೊನೆಯ ಚುಕ್ಕೆಯೂ ಓರೆಯಾಗಿರಬೇಕಂತೆ. ಓರೆ ಚುಕ್ಕೆ ಯಾವುದು, ನೆಟ್ಟಗಿನ ಚುಕ್ಕೆ ಯಾವುದು ಅಂತ ನನ್ನ ಕಣ್ಣಿಗಂತೂ ಗೊತ್ತಾಗುವುದಿಲ್ಲ. ನನ್ನ ಎಡಿಟರ್‌ಗೆ ಗೊತ್ತಾಗುತ್ತದೆ.

ಅಮ್ಮ, ದುಡ್ಡು ಎಷ್ಟು ಕೊಡುತ್ತಾರೆ ಅಂದೆಯಲ್ಲ, ಒಂದು ಪೈಸೆಯೂ ಇಲ್ಲ. ಎಡಿಟರ್‌ಗಳಿಗೂ ಸಂಬಳ ಇಲ್ಲ. ಆದರೆ ಜಡ್ಜುಗಳ ಹತ್ತಿರ ಕ್ಲರ್ಕ್ ಕೆಲಸಕ್ಕೆ (ಗುಮಾಸ್ತೆ ಕೆಲಸ ಅಲ್ಲ, ಜಡ್ಜಿಗೆ ಕಾನೂನಿನ ವಿಷಯದಲ್ಲಿ ನೆರವಾಗುವ ಕೆಲಸ) ಅರ್ಜಿ ಹಾಕುವಾಗ ಇದಕ್ಕೆ ಬೆಲೆ ಇದೆ.

ಒಂದೇ ಭಯ. ಅಚ್ಚಾಗುವುದರೊಳಗೆ ಬೇರೆ ಯಾರಾದರೂ ಇದೇ ವಾದವನ್ನು ಬೇರೆ ಜರ್ನಲ್‌ನಲ್ಲಿ ಬರೆದುಬಿಟ್ಟರೆ ನನ್ನದಕ್ಕೆ ಹೊಸತನ ಉಳಿಯುವುದಿಲ್ಲ. ಅದಕ್ಕೇ ರಾತ್ರಿ ಮಲಗುವ ಮುಂಚೆ ಒಮ್ಮೆ ಹುಡುಕಿ ನೋಡುತ್ತೇನೆ. ಸದ್ಯಕ್ಕೆ ಯಾರೂ ಇಲ್ಲ.

ಅಮ್ಮ, ಚಿಕ್ಕಪ್ಪನಿಗೆ ಈಗಲೇ ಹೇಳಬೇಡ, ಊರಿಗೆಲ್ಲ ಸಾರಿಬಿಡುತ್ತಾರೆ. ಪುಟದ ನಂಬರ್ ಸಿಕ್ಕ ಮೇಲೆ ಹೇಳೋಣ. ಅಪ್ಪ, ಕರಡಿನ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಎರಡನೇ ಭಾಗ ಜಾಸ್ತಿ ಎಳೆದಿದ್ದೇನೆ ಅನ್ನಿಸಿದರೆ ಮುಚ್ಚುಮರೆಯಿಲ್ಲದೆ ಬರೆಯಿರಿ, ತಿದ್ದಲು ಇನ್ನೂ ಸಮಯವಿದೆ.

ಇಂತಿ ನಿಮ್ಮ ಮಗಳು