ತಿರಸ್ಕರಿಸುವ ಮೊದಲು ಒಮ್ಮೆ ಕೇಳಿ: ಬ್ರಿಟನ್ನಿನ ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ಗಂಡ ಅಥವಾ ಹೆಂಡತಿಯನ್ನು ಬ್ರಿಟನ್ನಿಗೆ ಕರೆಸಿಕೊಳ್ಳುವ ಸಂಗಾತಿ ವೀಸಾಕ್ಕೆ ಬೇಕಾದ ವಾರ್ಷಿಕ ಆದಾಯ 2024ರ ಏಪ್ರಿಲ್ 11ರಂದು 18,600 ಪೌಂಡಿನಿಂದ 29,000ಕ್ಕೆ ಏರಿತು. ಆ ಮೊತ್ತದ ತಕರಾರು ಬೇರೆಯೇ ಇದೆ. ಅಷ್ಟು ದುಡಿಯುವವರ ಅರ್ಜಿಯೂ ಬಿದ್ದುಹೋಗುತ್ತಿದೆಯಲ್ಲ, ಈ ಪತ್ರ ಅದಕ್ಕೆ.

ಒಂದು ಲೆಕ್ಕ ನೋಡಿ. ಒಂದೇ ಕಂಪನಿಯಲ್ಲಿ ಆರು ತಿಂಗಳು ದಾಟಿದ ಸಂಬಳದಾರರು 'ಎ' ವರ್ಗದಲ್ಲಿ ಅರ್ಜಿ ಹಾಕುತ್ತಾರೆ. ಐದು ತಿಂಗಳು 2,500 ಪೌಂಡ್ ಬಂದಿದೆ. ಸಂಬಳವಿಲ್ಲದ ರಜೆ ಹಾಕಿದ್ದಕ್ಕೆ ಒಂದು ತಿಂಗಳು 2,350. ಒಟ್ಟು 14,850, ವರ್ಷದ ಲೆಕ್ಕಕ್ಕೆ 29,700. ನಿಮ್ಮ ಅಧಿಕಾರಿ ಮಾತ್ರ ಅತಿ ಕಡಿಮೆಯ ಪೇಸ್ಲಿಪ್ ಹಿಡಿದು ಹನ್ನೆರಡರಿಂದ ಗುಣಿಸುತ್ತಾರೆ: 28,200. ಅರ್ಜಿ ತಿರಸ್ಕೃತ! ಹನ್ನೆರಡು ತಿಂಗಳ ನಿಜವಾದ ಗಳಿಕೆಯನ್ನು 'ಬಿ' ವರ್ಗದಲ್ಲಿ ತೋರಿಸುವ ದಾರಿ ಇದೆ. ಅದನ್ನು ತೋರಿಸಿ ಎಂದು ಒಂದು ಇಮೇಲ್ ಬರೆಯಲು ಏನು ಅಡ್ಡಿ?

ಅರ್ಜಿಯ ಜೊತೆ ಕೊಡಬೇಕಾದ ಕಂಪನಿಯ ಪತ್ರದ ಕಥೆಯೂ ಇದೇ. ವಾರ್ಷಿಕ ಸಂಬಳ, ಎಷ್ಟು ಕಾಲದಿಂದ ಕೆಲಸ, ಈ ಸಂಬಳ ಎಂದಿನಿಂದ, ನೌಕರಿ ಕಾಯಮ್ಮೋ ಅಲ್ಲವೋ, ನಾಲ್ಕೂ ಅದರಲ್ಲಿರಬೇಕು. ಎಚ್‌ಆರ್‌ನವರು ಒಂದು ಸಾಲು ಬಿಟ್ಟರೆ ಗಂಡ ಲೀಡ್ಸ್‌ನಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ. ಅವಳು ಭಾರತದಲ್ಲಿ ಎಷ್ಟೇ ದುಡಿಯಲಿ, ಆ ಸಂಬಳ ಲೆಕ್ಕಕ್ಕಿಲ್ಲ. ಉಳಿತಾಯದ ಮೇಲೆಯೇ ನಿಲ್ಲುವುದಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಯಾರ ಹತ್ತಿರವಿದೆ ಸ್ವಾಮಿ ಅಷ್ಟು ದುಡ್ಡು?

ತಪ್ಪಿಹೋದ ದಾಖಲೆ ಕೇಳಿ ತರಿಸಿಕೊಳ್ಳುವ ಅಧಿಕಾರ ನಿಮ್ಮ ವಲಸೆ ನಿಯಮಗಳಲ್ಲೇ, ಕುಟುಂಬ ವೀಸಾಕ್ಕೆ ಬೇಕಾದ ದಾಖಲೆಗಳನ್ನು ಹೇಳುವ ಎಫ್‌ಎಂ-ಎಸ್‌ಇ ಅನುಬಂಧದ 'ಡಿ' ಪ್ಯಾರಾದಲ್ಲಿದೆ. ನೀವು ಬಲ್ಲಿರಿ. ಆದರೆ ಕೇಳಬಹುದು ಎಂದಿದೆ, ಕೇಳಲೇಬೇಕು ಎಂದಿಲ್ಲ. ಕೇಳದೆ ತಿರಸ್ಕರಿಸಿದಾಗ ಹೊರದೇಶದಲ್ಲಿರುವವರು 28 ದಿನಗಳೊಳಗೆ ಮೇಲ್ಮನವಿ ಹಾಕಬೇಕು, ಅದೂ ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 8ನೇ ವಿಧಿಯ, ಅಂದರೆ ಕುಟುಂಬ ಜೀವನದ ಹಕ್ಕಿನ, ಆಧಾರದಲ್ಲಿ. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಕೊನೆಗೆ ನ್ಯಾಯಮಂಡಳಿಯ ಮುಂದೆ ಇಡುವುದು ಅದೇ ಬಿಟ್ಟುಹೋದ ಪತ್ರವನ್ನು! ನ್ಯಾಯಾಧೀಶರು ಓದಬಹುದಾದ ಕಾಗದವನ್ನು ನಿಮ್ಮ ಅಧಿಕಾರಿ ಮೊದಲೇ ಓದಬಾರದೇ? ಮೇಲ್ಮನವಿ ಬೇಡವೆಂದು ಹೊಸ ಅರ್ಜಿ ಹಾಕಿದರೆ ವೀಸಾ ಶುಲ್ಕ ಪೂರ್ತಿ ಮತ್ತೆ ಕಟ್ಟಬೇಕು.

2017ರಲ್ಲಿ ನಿಮ್ಮ ಸುಪ್ರೀಂ ಕೋರ್ಟ್ ಆದಾಯದ ಮಿತಿಯನ್ನು ಎತ್ತಿಹಿಡಿಯಿತು; ಜೊತೆಗೇ, ಮಕ್ಕಳ ಹಿತಕ್ಕೆ ನಿಯಮಗಳಲ್ಲಿ ಸರಿಯಾದ ಜಾಗವಿಲ್ಲ ಎಂದೂ ಹೇಳಿತು. ಅಪ್ಪನ ಮುಖವನ್ನು ಫೋನಿನಲ್ಲಷ್ಟೇ ನೋಡುವ ಮಗುವಿಗೆ ಪೇಸ್ಲಿಪ್ ಏನು ಗೊತ್ತು?

'ಡಿ' ಪ್ಯಾರಾದ 'ಕೇಳಬಹುದು' ಎಂಬುದನ್ನು 'ಕೇಳಲೇಬೇಕು' ಎಂದು ಮಾಡಿ. ಉತ್ತರಕ್ಕೆ ಹತ್ತು ಕೆಲಸದ ದಿನ ಕೊಡಿ. ಆ ಮೇಲೂ ಕಾಗದ ಬರದಿದ್ದರೆ ತಿರಸ್ಕರಿಸಿ. ಅದಕ್ಕೆ ಮುಂಚೆ ಬೇಡ, ದಯವಿಟ್ಟು ಬೇಡ.

ಇಂತಿ,
ನಿಮ್ಮ ದೇಶದಲ್ಲಿ ತೆರಿಗೆ ಕಟ್ಟುವ ಒಬ್ಬ ಕನ್ನಡಿಗ